‘ಏನೂ ಇಲ್ಲ, ಬರೀ ಮರ’

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಒಂದು ಮಳೆಕಾಡಿನ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಎರಡು ಗಂಟೆ ನಡೆದು ವಾಪಸ್ ಬರುವಾಗ ಗುಂಪಿನಲ್ಲಿ ಅರ್ಧ ಜನರ ಬಾಯಲ್ಲಿ ಒಂದೇ ಮಾತು: ‘ಏನೂ ಇಲ್ಲ ಇಲ್ಲಿ, ಬರೀ ಮರ.’ ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರನ್ನು ಬೈದು ಪ್ರಯೋಜನವಿಲ್ಲ. ಕಾಡು ಅಂದರೆ ಜೀಪಿನಲ್ಲಿ ಕೂತು ಆನೆ, ಜಿಂಕೆ, ಅದೃಷ್ಟ ಇದ್ದರೆ ಹುಲಿ ನೋಡುವುದು ಅಂತಲೇ ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಹುಲ್ಲುಗಾವಲಿನಲ್ಲಿ, ಒಣ ಕಾಡಿನಲ್ಲಿ ದೂರದ ತನಕ ಕಣ್ಣು ಹಾಯುತ್ತದೆ, ಪ್ರಾಣಿ ಕಾಣುತ್ತದೆ. ಮಳೆಕಾಡಿನಲ್ಲಿ ಹತ್ತು ಹೆಜ್ಜೆ ಆಚೆ ಏನಿದೆ ಅಂತ ಗೊತ್ತಾಗುವುದಿಲ್ಲ. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎರಡು ಪಾಲು ನೆಲ ಮುಟ್ಟಿದರೆ ಹೆಚ್ಚು. ಹೂವು, ಹಣ್ಣು, ಹಕ್ಕಿ, ಕೋತಿ, ಅರ್ಧಕ್ಕಿಂತ ಜಾಸ್ತಿ ಸಂಸಾರವೆಲ್ಲ 30-40 ಮೀಟರ್ ಮೇಲೆ ಕೊಂಬೆಗಳಲ್ಲೇ ನಡೆಯುತ್ತದೆ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ. ಇದನ್ನು ಹೊರಡುವ ಮೊದಲೇ ಯಾರಾದರೂ ಹೇಳಬೇಕಿತ್ತು ಅಲ್ವಾ? ನಮಗೆ ಟಿಕೆಟ್ ಕೊಟ್ಟರು, ಪ್ಲಾಸ್ಟಿಕ್ ಬೇಡ ಅಂದರು, ಅಷ್ಟೇ.

ಪುಣ್ಯಕ್ಕೆ ಜೊತೆಗಿದ್ದ ಗೈಡ್ ಆ ಕಾಡಿನ ಅಂಚಿನಲ್ಲೇ ಬೆಳೆದವರು. ಗುಂಪು ಮುಂದೆ ಹೋದ ಮೇಲೆ ನಾವು ಮೂರು ಜನ ಅವರ ಜೊತೆ ಹಿಂದೆ ಉಳಿದೆವು. ಅವರು ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಷ್ಟು ಜಾಗದ ತರಗೆಲೆಯನ್ನು ಮೆಲ್ಲಗೆ ಸರಿಸಿದರು. ಮೇಲಿನ ಎಲೆ ಇನ್ನೂ ಎಲೆಯ ಹಾಗೇ ಇತ್ತು. ಅದರ ಕೆಳಗಿನದು ಬರೀ ನರಗಳ ಜಾಲರಿ. ಅದರಡಿಯಲ್ಲಿ ಬಿಳಿ ನೂಲು ಹರಡಿದ ಹಾಗೆ ಶಿಲೀಂಧ್ರ, ನೂಲಿನ ಮಧ್ಯೆ ಕೂದಲಿನಷ್ಟು ಸಪೂರ ಬೇರುಗಳು, ಎರಡು ಬೆರಳು ಆಳಕ್ಕೇ ಕೆಂಪು ಮಣ್ಣು. ಮಳೆಕಾಡಿನ ಮಣ್ಣಿನಲ್ಲಿ ಸಾಮಾನ್ಯವಾಗಿ ಸಾರ ಕಡಿಮೆ, ಯಾಕಂದರೆ ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಸಾರ ಇರುವುದು ಮರದ ಮೈಯಲ್ಲಿ, ಬಿದ್ದ ಎಲೆಯಲ್ಲಿ. ಎಲೆ ಕೊಳೆಯುವುದೇ ತಡ, ಶಿಲೀಂಧ್ರ, ಬೇರು ಎರಡೂ ಸೇರಿ ಅದನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತವೆ. ಇಂಥ ಕಾಡು ಕಡಿದು ಬೇಸಾಯ ಮಾಡಿದ ಕಡೆ ಕೆಲವೇ ವರ್ಷಕ್ಕೆ ನೆಲ ಸೋತುಹೋಗುವುದು ಇದಕ್ಕೇ. ಮಳೆಕಾಡಿನ ದೊಡ್ಡ ಮರಗಳ ಬೇರು ಕೂಡ ಆಳಕ್ಕೆ ಇಳಿಯದೆ ಮೇಲೆಮೇಲೇ ಹರಡುತ್ತದೆ. ಬುಡದ ಸುತ್ತ ಹಲಗೆ ನಿಲ್ಲಿಸಿದ ಹಾಗೆ ಎದ್ದಿರುವ ಬೇರುಗಳೇ ಮರಕ್ಕೆ ಆಸರೆ. ನಾನು ಅಂಥದೊಂದರ ಸಂದಿನಲ್ಲಿ ನಿಂತೆ, ಅದು ನನ್ನ ಭುಜಕ್ಕೆ ಬರುತ್ತಿತ್ತು.

ಅಲ್ಲೇ ಹತ್ತು ನಿಮಿಷ ಸುಮ್ನೆ ನಿಂತೆವು. ತಲೆ ಮೇಲೆ ಉಗಿಬಂಡಿ ಹೋದ ಹಾಗೆ ಸದ್ದು. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ರೆಕ್ಕೆ ಬಡಿದ ಸದ್ದದು. ಹಕ್ಕಿ ನನಗೆ ಕಾಣಲೇ ಇಲ್ಲ, ಆದರೂ ಮೈ ಜುಂ ಅಂದಿತು. ದೊಡ್ಡ ದೊಡ್ಡ ಹಣ್ಣು ನುಂಗಿ ಬೀಜವನ್ನು ಎಲ್ಲೋ ದೂರದಲ್ಲಿ ಉದುರಿಸುವ ಈ ಹಕ್ಕಿ ಇಲ್ಲದಿದ್ದರೆ ಎಷ್ಟೋ ಮರಗಳ ಬೀಜ ತಾಯಿಮರದ ಬುಡದಲ್ಲೇ ಬಿದ್ದಿರುತ್ತದೆ. ಅಷ್ಟರಲ್ಲಿ ಮುಂದೆ ಹೋದವರ ಬ್ಲೂಟೂತ್ ಸ್ಪೀಕರಿನ ಹಾಡು ಕೇಳಿಸಿತು. ಕಣ್ಣಿಗೆ ಏನೂ ಸಿಗದ ಕಾಡಿನಲ್ಲಿ ಕಿವಿಯನ್ನೂ ಮುಚ್ಚಿಕೊಂಡರೆ ಉಳಿಯುವುದು ಏನು? ನಿಜಕ್ಕೂ ಸಂಕಟವಾಯಿತು.

ಉಗಾಂಡದ ಬ್ವಿಂಡಿ ಅನ್ನುವ ಮಳೆಕಾಡಿನ ಉದ್ಯಾನದಲ್ಲಿ ಒಂದು ಗೊರಿಲ್ಲಾ ಕುಟುಂಬವನ್ನು ನೋಡಲು ದಿನಕ್ಕೆ 8 ಜನರನ್ನು ಮಾತ್ರ ಬಿಡುತ್ತಾರೆ, ಅದೂ 1 ಗಂಟೆ. ನೆಗಡಿ ಇದ್ದವರನ್ನು ಬಿಡುವುದಿಲ್ಲ, ಏಕೆಂದರೆ ನಮ್ಮ ನೆಗಡಿ ಗೊರಿಲ್ಲಾದ ಜೀವಕ್ಕೇ ಕುತ್ತಾಗಬಹುದು. ನಮ್ಮ ಗುಂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಇದ್ದೆವು! ಇಂಬಳ (ಕಾಡಿನ ಜಿಗಣೆ) ಹತ್ತಿತು ಅಂತ ಒಬ್ಬರು ಕಿರುಚಿದರೆ ಇಡೀ ಸಾಲು ಕುಣಿಯುತ್ತಿತ್ತು. ಇಂಬಳದ ಬಾಯಿಯ ಕಡೆ ಉಗುರು ತೂರಿಸಿ ಮೆಲ್ಲಗೆ ಸರಿಸಿದರೆ ಬಿಟ್ಟುಬಿಡುತ್ತದೆ, ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಅಷ್ಟೇ. ಇದನ್ನೂ ಯಾರೂ ಹೇಳಿರಲಿಲ್ಲ. ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲೇ ಒಬ್ಬರು ಕಪ್ಪೆ ಹಿಡಿದರು. ಕಪ್ಪೆಯ ತೊಗಲು ನೀರನ್ನೂ ಗಾಳಿಯನ್ನೂ ಹೀರಿಕೊಳ್ಳುತ್ತದೆ, ಆ ಮುಲಾಮನ್ನೂ ಹೀರಿಕೊಳ್ಳುತ್ತದೆ.

‘ಏನೂ ಇಲ್ಲ’ ಅನ್ನುವ ಮಾತಿಗೆ ನಾನು ಹೆದರುವುದಕ್ಕೆ ಇನ್ನೊಂದು ಕಾರಣ ಇದೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪ್ಪುಳ ನದಿಗೆ ಅಣೆಕಟ್ಟು ಕಟ್ಟಿ ಕಾಡು ಮುಳುಗಿಸಲು ಹೊರಟಾಗ, ಆ ಕಾಡನ್ನು ಕಣ್ಣಾರೆ ನೋಡದ ಎಷ್ಟೋ ಜನ ಕೂಡ ಬೇಡ ಅಂತ ದನಿ ಎತ್ತಿದರು. ಯೋಜನೆ ನಿಂತಿತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಈಗ ನಾವು ದುಡ್ಡು ಕೊಟ್ಟು ಹೋಗಿ, ನೋಡಿಬಂದು, ಬರೀ ಮರ ಅಂದರೆ, ನಾಳೆ ಇಂಥದೇ ಇನ್ನೊಂದು ಕಾಡಿಗೆ ಕೊಡಲಿ ಬಿದ್ದಾಗ ಮಾತಾಡುವವರು ಯಾರು?

ಉದ್ಯಾನ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಗುಂಪು ಚಿಕ್ಕದಿರಲಿ, ಎಂಟು ಹತ್ತು ಜನ ಸಾಕು. ಸ್ಪೀಕರುಗಳನ್ನು ಗೇಟಿನಲ್ಲೇ ಇಡಿಸಿಕೊಳ್ಳಿ. ನಡೆಯುವ ಮೊದಲು ಹದಿನೈದು ನಿಮಿಷ ಗೈಡ್ ಕೈಲಿ ಮಾತಾಡಿಸಿ, ದಾರಿಯಲ್ಲಿ ಒಂದು ಕಡೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ. ಸಂಪಾದಕರೇ, ನಿಮ್ಮ ಪ್ರವಾಸದ ಪುಟದಲ್ಲಿ ದಾರಿ, ರೂಮು, ಟಿಕೆಟ್ ವಿವರದ ಜೊತೆಗೆ ಅಲ್ಲಿ ಏನು ಕಾಣುವುದಿಲ್ಲ, ಏನು ಕೇಳಿಸುತ್ತದೆ ಅನ್ನುವುದನ್ನೂ ದಯವಿಟ್ಟು ಬರೆಸಿ.

ಇಂತಿ,
ನಿಮ್ಮ ಓದುಗ