ನಿಧಾನಕ್ಕೆ ಓಡಿದವಳಿಗೆ

ಮುಂಬೈ ಮ್ಯಾರಥಾನ್ ಮುಗೀತು. 42.195 ಕಿಲೋಮೀಟರ್, 4 ಗಂಟೆ 37 ನಿಮಿಷ. ಅಂದುಕೊಂಡಿದ್ದು ನಾಲ್ಕೂವರೆ. ಮಿಕ್ಕ ಏಳು ನಿಮಿಷ ಪೆಡ್ಡರ್ ರಸ್ತೆಯ ಏರಿಗೂ ಕಡಲ ಸೆಕೆಗೂ ಸಂದಾಯ.

ಮಡಿಕೇರಿಯಲ್ಲಿ ನಮ್ಮ ಭಾನುವಾರದ ಅಭ್ಯಾಸದ ಓಟಕ್ಕೆ ಮೊದಲು ಆನೆ ಯಾವ ತೋಟದಲ್ಲಿದೆ ಅಂತ ರಾತ್ರಿಯೇ ವಾಟ್ಸಾಪ್ ಮಾಡುತ್ತಿದ್ದವರು, ಮೂರ್ನಾಡು ರಸ್ತೆಯ ಮೋರಿಕಟ್ಟೆ ಮೇಲೆ ನೀರಿನ ಬಾಟಲಿ ಇಟ್ಟು ಹೋಗುತ್ತಿದ್ದ ಪಿಕಪ್ ಅಣ್ಣ, ಶನಿವಾರ ರಾತ್ರಿ ಪಂದಿಕರಿ ಇಲ್ಲದ ಬರೀ ನೂಲ್‌ಪುಟ್ಟು ಬಡಿಸಿ ಮುಖ ಸಿಂಡರಿಸುತ್ತಿದ್ದ ಮನೆಯವರು (ಕೊಬ್ಬು ಬೆಳಗಿನ ತನಕ ಹೊಟ್ಟೆಯಲ್ಲೇ ಕೂರುತ್ತೆ, ಅಕ್ಕಿ ಕೂರಲ್ಲ): ಎಲ್ಲರಿಗೂ ಧನ್ಯವಾದ.

ಉಳಿದದ್ದೆಲ್ಲ ಜೊತೆಗೆ ಓಡಿದವಳಿಗೆ. ಹೆಸರು ಹಾಕಬೇಡ ಅಂದಿದ್ದಾಳೆ.

ಕಿಲೋಮೀಟರಿಗೆ 5:20ರಂತೆ (5 ನಿಮಿಷ 20 ಸೆಕೆಂಡ್) ಓಡಬಲ್ಲವಳು ಹದಿನಾರು ಭಾನುವಾರ 7:15ರಲ್ಲಿ ಓಡಿದಳು. ನಾಲ್ಕೂವರೆ ಗಂಟೆಯ ಗುರಿಗೆ ಮ್ಯಾರಥಾನ್ ದಿನ ಬೇಕಾದ ವೇಗ 6:24. ಉದ್ದ ಓಟ ಅದಕ್ಕಿಂತ ಮುಕ್ಕಾಲು, ಒಂದು ನಿಮಿಷ ನಿಧಾನವಿರಬೇಕು, ಇಲ್ಲದಿದ್ದರೆ ಬುಧವಾರದವರೆಗೂ ಕಾಲು ಸುಧಾರಿಸುವುದಿಲ್ಲ. ಇದು ಎಲ್ಲ ಓಟಗಾರರಿಗೂ ಗೊತ್ತು. ಗೊತ್ತಿದ್ದೂ ಒಬ್ಬರು ಅರ್ಧ ಹೆಜ್ಜೆ ಮುಂದಿರುತ್ತಾರೆ, ಇನ್ನೊಬ್ಬರು ಸುಮ್ಮನೆ ಅದನ್ನು ತುಂಬಲು ಹೋಗುತ್ತಾರೆ, ಹತ್ತನೇ ಕಿಲೋಮೀಟರಿಗೆ ಇಬ್ಬರೂ 6:30ಕ್ಕೆ ಬಂದಿರುತ್ತಾರೆ. ಜೋಡಿ ಓಟ ಕೆಡುವುದು ಬಹಳ ಸಲ ಹೀಗೇ. ಅವಳ ಭುಜ ಒಮ್ಮೆಯೂ ನನ್ನ ಭುಜ ದಾಟಲಿಲ್ಲ. ಏರಿನಲ್ಲಿ ವಾಚು ನೋಡಗೊಡಲಿಲ್ಲ; ಪೂರ್ತಿ ಒಂದು ವಾಕ್ಯ ಆಡಲು ಉಸಿರು ಸಾಲದಿದ್ದರೆ ನಡಿಗೆ, ಚರ್ಚೆಯಿಲ್ಲ.

ಮಡಿಕೇರಿಯಲ್ಲಿ ಎಲ್ಲರೂ ಏರಿಗೆ ಹೆದರುತ್ತಾರೆ. ಕಾಲು ಕೆಡಿಸುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು, ನೋವು ಎರಡನೇ ದಿನ ಗೊತ್ತಾಗುತ್ತೆ. ಅದಕ್ಕೇ ಅವಳು ವಾರ ಬಿಟ್ಟು ವಾರ ಕುಶಾಲನಗರಕ್ಕೆ ಕರೆದೊಯ್ದು ಹಾರಂಗಿ ಕಡೆಯ ಸಮತಟ್ಟಿನಲ್ಲಿ ಓಡಿಸಿದಳು. ಇಳಿಜಾರಿನ ದಿನ ಹೆಜ್ಜೆ ಗಿಡ್ಡ, ಶೂವಿನ ಕೊನೇ ತೂತಿಗೂ ಲೇಸು. ಹಿಮ್ಮಡಿ ಸಡಿಲವಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತೆ. ಮಂಜಿರುವಾಗ ಎದುರು ಬರುವ ವಾಹನದ ಬದಿಯಲ್ಲೇ ಓಟ. ಆದರೆ ರಸ್ತೆ ಅಂಚು ಚರಂಡಿ ಕಡೆ ವಾಲಿರುವುದರಿಂದ ಒಂದೇ ಬದಿ ಇಪ್ಪತ್ತು ಕಿಲೋಮೀಟರ್ ಓಡಿದರೆ ಮಂಡಿಯ ಹೊರಬದಿ ಹಿಡಿದುಕೊಳ್ಳುತ್ತೆ. ಹಾಗಾಗಿ ಮಂಜು ಕರಗಿ ರಸ್ತೆ ಖಾಲಿ ಕಂಡಾಗೆಲ್ಲ ಮಧ್ಯಕ್ಕೆ. ಓಡುತ್ತಲೇ ನುಂಗುವ ಸಕ್ಕರೆಯ ಜೆಲ್ 40 ನಿಮಿಷಕ್ಕೊಂದು, ಹಸಿವಾಗುವ ಮೊದಲೇ. 32 ಕಿಲೋಮೀಟರಿಗೆ ಐದು. ಕಿತ್ತಳೆ ಓಟ ಮುಗಿದ ಮೇಲೆ ಮಾತ್ರ. ನಮ್ಮ ಕಿತ್ತಳೆ ಎಷ್ಟೇ ಚೆನ್ನಾಗಿದ್ದರೂ 25ನೇ ಕಿಲೋಮೀಟರಿನಲ್ಲಿ ಹೊಟ್ಟೆ ತೊಳಸುತ್ತೆ.

ನವೆಂಬರಿನಲ್ಲಿ ಓಡಲು ಹೋಗಿ ನಾನು ಆಸ್ಪತ್ರೆ ಸೇರಿದ ಆ ಭಾನುವಾರದ ಕಥೆ ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇಷ್ಟು: ಮೊದಲು ಕಂಡದ್ದು ಅವಳಿಗೆ, ನನ್ನ ಊದಿದ ಬೆರಳಿಗೆ ಬಿಗಿಯಾದ ಉಂಗುರ. ಜಡಿಮಳೆಯ ಚಳಿಗೆ ಬೆವರು ಕಮ್ಮಿ, ಆದರೂ ಲೆಕ್ಕ ತಪ್ಪಬಾರದೆಂದು ಅರ್ಧ ಗಂಟೆಗೊಮ್ಮೆ ಬರೀ ನೀರು ಕುಡಿಯುತ್ತಿದ್ದೆ. ಜೇಬಿನಲ್ಲಿ ನೋವಿನ ಮಾತ್ರೆ ಬೇರೆ, ಅದೂ ಮೂತ್ರಪಿಂಡ ನೀರು ಹೊರಹಾಕದಂತೆ ತಡೆಯಬಲ್ಲದು. ಹೀಗೆ ನೀರು ಹೆಚ್ಚಾಗಿ ರಕ್ತದ ಸೋಡಿಯಂ ತೆಳುವಾದರೆ ಬೆರಳು ಊದುತ್ತೆ, ತಲೆ ಸಿಡಿಯುತ್ತೆ, ವಾಕರಿಕೆ ಬರುತ್ತೆ. ನೋಡುವವರು ಸುಸ್ತು ಅಂದುಕೊಂಡು ಇನ್ನೊಂದು ಲೋಟ ನೀರು ಕೊಡುತ್ತಾರೆ. ಅವಳು ಬಾಟಲಿ ಕಿತ್ತುಕೊಂಡಳು. ನಾನು ಬೈದೆ. ಏನಂತ ಬೈದೆ ಅಂತ ಇಲ್ಲಿ ಬರೆಯಲಾರೆ.

ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ರಾತ್ರಿಯಿಡೀ ಕುರ್ಚಿಯಲ್ಲಿ ಕೂತಿದ್ದಳು. ಗಂಟೆಗೊಮ್ಮೆ ಎಬ್ಬಿಸಿ ಒಂದೇ ಪ್ರಶ್ನೆ: ಇವತ್ತು ಯಾವ ವಾರ? ಹನ್ನೆರಡು ದಾಟಿದ ಮೇಲೂ ಭಾನುವಾರ ಅಂದೆ. ಅದಕ್ಕೆ ಅವಳ ಮುಖ ಹೇಗಾಯಿತು ಅನ್ನುವುದು ಈಗಲೂ ಕಣ್ಣ ಮುಂದಿದೆ. ಗಡಿಯಾರ ನೋಡಿಕೊಂಡು, ಸರಿ, ಅದು ತಪ್ಪಲ್ಲ, ಮಲಗು ಅಂದಳು. ಆ ಮಳೆಯಲ್ಲಿ ಅವಳೂ 27 ಕಿಲೋಮೀಟರ್ ಓಡಿದ್ದಳು. ಒದ್ದೆ ಸಾಕ್ಸು ಬಿಚ್ಚಿದ್ದು ಬೆಳಿಗ್ಗೆ. ಕಣಕಾಲಿನಲ್ಲಿ ಜಿಗಣೆ ಕಚ್ಚಿದ ರಕ್ತ ಹಾಗೇ ಒಣಗಿತ್ತು.

ಆಮೇಲೆ ಹೊಸ ನಿಯಮ ಬಂತು. ಓಡುವ ಮೊದಲು, ಮುಗಿದ ಮೇಲೆ ತೂಕ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಬೆವರು; ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತು. ಇನ್ನೇನು ಎರಡು ವಾರ ಇದೆ ಅನ್ನುವಾಗ ದೂರ ಕಡಿಮೆ ಮಾಡಿ, ಮಡಿಕೇರಿಯ ತಂಪಿಗೆ ಒಗ್ಗಿದ ಮೈಗೆ ಸೆಕೆ ಕಲಿಸಲು ಮಧ್ಯಾಹ್ನ ಎರಡು ಅಂಗಿ ಹಾಕಿಸಿ 40 ನಿಮಿಷ ಓಡಿಸಿದಳು. ಕಾಫಿ ಕುಯ್ಯುವವರು ನೋಡಿ ನಕ್ಕರು. ಅವಳೂ ಎರಡು ಅಂಗಿ ಹಾಕಿದ್ದಳು. ಮುಂಬೈಗೆ ಅವಳು ಹೆಸರು ಕೊಟ್ಟೇ ಇರಲಿಲ್ಲ.

ನಿನ್ನ ತಲೆದೀಪ ನನ್ನ ಬ್ಯಾಗಿನಲ್ಲಿದೆ, ಸೆಲ್ ಹೊಸದು ಹಾಕಿದ್ದೇನೆ. ಎರಡು ವಾರ ನನಗೆ ಓಟವಿಲ್ಲ. ಮೂರನೇ ಭಾನುವಾರ, ಬೆಳಕು ಹರಿದ ಮೇಲೆ, ಅದೇ ಮೋರಿಕಟ್ಟೆ. ನಿನ್ನ ವೇಗಕ್ಕೆ ನಾನು ಎರಡು ಕಿಲೋಮೀಟರ್ ಬರಬಲ್ಲೆ. ಆಮೇಲೆ ಸೈಕಲ್ಲಿನಲ್ಲಿ ನೀರು ಹೊತ್ತು ಹಿಂದೆ ಬರುತ್ತೇನೆ.