ಹಾರೋ ಹಕ್ಕಿ ಬಿಟ್ಟು ಕೂತಿರೋದನ್ನ ನೋಡು ಸೀನ

ಸೀನ,

ನೀನು ಕಳಿಸಿದ ಫೋಟೋ ಎಲ್ಲಾ ನೋಡ್ದೆ. ಮಿಂಚುಳ್ಳಿ ನೀರಿಗೆ ಬೀಳೋದು, ಮಿಂಚುಳ್ಳಿ ನೀರಿಂದ ಏಳೋದು, ಎಲ್ಲದರಲ್ಲೂ ನೀರು ಚೆನ್ನಾಗಿ ಬಂದಿದೆ, ಮಿಂಚುಳ್ಳಿ ಮಾತ್ರ ಬರೀ ನೀಲಿ ಗೆರೆ. ಅಷ್ಟು ದುಡ್ಡು ಸುರಿದು 150-600 ಎಂಎಂ ಜೂಮ್ ಲೆನ್ಸ್ ತಗೊಂಡು ಇಷ್ಟೇನಾ ಅಂತ ಕೇಳಿದೀಯಲ್ಲ, ಲೆನ್ಸ್‌ದೇನೂ ತಪ್ಪಿಲ್ಲ ಮಾರಾಯ. ಎಲ್ಲರೂ ಮೊದಲು ಅದನ್ನೇ ತೆಗೆಯೋಕೆ ಹೋಗ್ತಾರೆ, ಯಾಕಂದ್ರೆ ಲೈಕ್ ಬೀಳೋದು ಅದಕ್ಕೇ.

ನನ್ನ ಮಾತು ಕೇಳು, ಸ್ವಲ್ಪ ದಿನ ಹಾರೋದು ಬೇಟೆ ಆಡೋದು ಎಲ್ಲಾ ಬಿಟ್ಟು, ಕೂತ್ಕೊಂಡು ಗರಿ ತಿದ್ದಿಕೊಳ್ಳೋ ಹಕ್ಕಿಗಳನ್ನ ತೆಗಿ. ಹಕ್ಕಿ ಅರ್ಧ ಗಂಟೆ ಒಂದೇ ಕೊಂಬೆ ಮೇಲೆ ಕೂತಿರುತ್ತೆ, ಮುಂದೆ ಏನು ಮಾಡುತ್ತೆ ಅಂತ ನಾಲ್ಕು ಸಲ ನೋಡಿದ್ರೆ ನಿನಗೇ ಗೊತ್ತಾಗುತ್ತೆ, ಇಷ್ಟು ಅನುಕೂಲ ಇನ್ಯಾವ ಆಟದಲ್ಲಿದೆ ಹೇಳು.

ಶುರು ಮಾಡೋಕೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಸಾಕು, ನಿನ್ನ ಮನೆಯಿಂದ ಸ್ಕೂಟರಲ್ಲಿ ಹತ್ತು ನಿಮಿಷ. ಬೆಳಗ್ಗೆ ಬಿಸಿಲು ಏರೋ ಹೊತ್ತಿಗೆ ಒಣಗಿದ ಕೊಂಬೆ ಮೇಲೆ ಹಾವಕ್ಕಿ (ಡಾರ್ಟರ್) ರೆಕ್ಕೆ ಹರಡ್ಕೊಂಡು ಕೂತಿರುತ್ತೆ ನೋಡು. ಬಾತುಕೋಳಿ ಮೈಮೇಲೆ ನೀರು ನಿಲ್ಲಲ್ಲ, ಇದರ ಗರಿ ಮಾತ್ರ ಒದ್ದೆ ಆಗುತ್ತೆ, ಅದಕ್ಕೇ ಮೈ ಪೂರ್ತಿ ಮುಳುಗಿಸಿ ಕತ್ತು ಮಾತ್ರ ಮೇಲಿಟ್ಕೊಂಡು ಈಜೋಕೆ ಆಗೋದು, ಅದಕ್ಕೇ ಮೇಲೆ ಬಂದು ಒಣಗಿಸ್ಕೊಳ್ಳೋ ಕೆಲಸಾನೂ. ರೆಕ್ಕೆ ಹರಡಿದ ಫೋಟೋ ಎಲ್ಲರ ಹತ್ರಾನೂ ಇದೆ, ತೆಗೆದುಬಿಟ್ಟು ಎದ್ದು ಹೋಗ್ತಾರೆ. ನೀನು ಕೂತಿರು. ಸ್ವಲ್ಪ ಒಣಗಿದ ಮೇಲೆ ಆ ಉದ್ದ ಕತ್ತನ್ನ ಹಿಂದಕ್ಕೆ ತಿರುಗಿಸಿ ಬಾಲದ ಬುಡಕ್ಕೆ ಕೊಕ್ಕು ಒತ್ತುತ್ತೆ. ಅಲ್ಲಿ ಒಂದು ಎಣ್ಣೆ ಗ್ರಂಥಿ ಇದೆ, ಹೆಚ್ಚುಕಮ್ಮಿ ಎಲ್ಲಾ ಹಕ್ಕಿಗಳಿಗೂ ಇರುತ್ತೆ. ಆ ಎಣ್ಣೆ ಕೊಕ್ಕಿಗೆ ಸವರ್ಕೊಂಡು ಒಂದೊಂದೇ ಗರಿ ಬುಡದಲ್ಲಿ ಕಚ್ಚಿ ತುದಿವರೆಗೂ ಎಳೀತಾ ಬರುತ್ತೆ. ಗರಿಯ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ, ಬ್ಯಾಗಿನ ಜಿಪ್ ಥರ ಬಿಟ್ಟುಹೋಗಿರುತ್ತೆ, ಹೀಗೆ ಎಳೆದಾಗ ಮತ್ತೆ ಕೂಡ್ಕೊಳ್ಳುತ್ತೆ. ಜೊತೆಗೆ ಹೇನು ಧೂಳು ಎಲ್ಲಾ ಹೋಗುತ್ತೆ. ಹಕ್ಕಿಗೆ ಇದೇನು ಶೋಕಿ ಅಲ್ಲ ಕಣೋ, ಗರಿ ಕೆಟ್ರೆ ಹಾರೋಕೂ ಕಷ್ಟ, ಮೈ ಬೆಚ್ಚಗಿಡೋಕೂ ಕಷ್ಟ.

ತೆಗೆಯೋದು ಹೇಗೆ ಅಂತೀಯಾ. ನಿನ್ನ ಕ್ಯಾಮೆರಾದಲ್ಲಿ ಹಕ್ಕಿ ಕಣ್ಣು ಹಿಡಿಯೋ ಆಟೋಫೋಕಸ್ ಇದೆಯಲ್ಲ ಅದು ಇಲ್ಲಿ ಕೈ ಕೊಡುತ್ತೆ, ತಲೆ ರೆಕ್ಕೆ ಒಳಗೆ ಹೋದ ತಕ್ಷಣ ಎದೆ ಗರಿಗೆ ಹೋಗಿ ಕೂತ್ಕೊಳ್ಳುತ್ತೆ. ಸಿಂಗಲ್ ಪಾಯಿಂಟ್ ಇಟ್ಕೊ, ಅಂದ್ರೆ ನೀನು ಆರಿಸಿದ ಒಂದೇ ಚುಕ್ಕೆ ಮೇಲೆ ಫೋಕಸ್, ಕಣ್ಣು ಕಾಣಿಸೋವರೆಗೂ ಶಟರ್ ಒತ್ತಬೇಡ. ತಲೆ ಪೂರ್ತಿ ಮುಚ್ಚಿದ ಫೋಟೋದಲ್ಲಿ ಬರೀ ಗರಿ ಗುಡ್ಡೆ ಇರುತ್ತೆ, ಯಾವ ಹಕ್ಕಿ ಅಂತ ನಾವೇ ಹೇಳ್ಬೇಕು. ಕಣ್ಣು, ಕೊಕ್ಕು, ಕೊಕ್ಕಲ್ಲಿ ಸಿಕ್ಕ ಗರಿ ಮೂರೂ ನಿನಗೆ ಅಡ್ಡಡ್ಡ ಒಂದೇ ದೂರದಲ್ಲಿ ಬಂದಾಗ ಒತ್ತು, ಲೆನ್ಸ್ 600ಕ್ಕೆ ಜೂಮ್ ಮಾಡಿದಾಗ ಫೋಕಸ್ ಆಗೋ ಜಾಗ ತುಂಬಾ ಕಮ್ಮಿ. ಒಂದೇ ಸಮ ಸಾಲಾಗಿ ಫೋಟೋ ತೆಗೆಯೋ ಬರ್ಸ್ಟ್‌ನಲ್ಲೇ ತೆಗಿ, ಯಾಕಂದ್ರೆ ಗರಿ ಕಣ್ಣಿಗೆ ತಾಗೋ ಹಾಗಿದ್ರೆ ಕಣ್ಣಿನ ಮೇಲೆ ಒಂದು ಬಿಳಿ ಪೊರೆ ಎಳ್ಕೊಳ್ಳುತ್ತೆ, ಒಂದು ಫ್ರೇಮಲ್ಲಿ ಕುರುಡಾದ ಹಾಗೆ ಕಾಣುತ್ತೆ ಪಕ್ಕದ ಫ್ರೇಮಲ್ಲಿ ಸರಿಯಾಗಿರುತ್ತೆ. ಇನ್ನು ಬೆಳ್ಳಕ್ಕಿ ಆದ್ರೆ ಎಕ್ಸ್‌ಪೋಷರ್ ಇಳಿಸು, ಇಲ್ಲಾಂದ್ರೆ ಬಿಳಿ ಎಲ್ಲಾ ಸುಟ್ಟು ಗರಿ ಎಳೆ ಒಂದೂ ಉಳಿಯಲ್ಲ, ಆಮೇಲೆ ಏನು ಎಡಿಟ್ ಮಾಡಿದ್ರೂ ವಾಪಸ್ ಬರಲ್ಲ.

ಕೊನೆಗೆ ಮೈ ಕೊಡವುತ್ತಲ್ಲ ಅದು ಮುಖ್ಯ. ತಿದ್ದೋದೆಲ್ಲಾ ಆದ ಮೇಲೆ ಸಾಮಾನ್ಯವಾಗಿ ಒಂದು ಕಡೆ ರೆಕ್ಕೆ ಅದೇ ಕಡೆ ಕಾಲು ಒಟ್ಟಿಗೆ ಕೆಳಕ್ಕೆ ಚಾಚುತ್ತೆ, ಆಮೇಲೆ ಗರಿ ಎಲ್ಲಾ ಉಬ್ಬಿಸುತ್ತೆ, ಉಬ್ಬಿಸ್ತು ಅಂದ್ರೆ ಕೊಡವುತ್ತೆ ಅಂತಾನೇ. ಶಟರ್ ಮೊದಲೇ 1/2000 ಸೆಕೆಂಡಿಗೆ ಇಟ್ಕೊಂಡಿರು. ಹಿಂದಿನಿಂದ ಬಿಸಿಲು ಬಿದ್ರೆ ಉದುರೋ ಪುಡಿ, ಹನಿ ಎಲ್ಲಾ ಬೆಳಗುತ್ತೆ. ಬಕಗಳಿಗಂತೂ ಎದೆ ಮೇಲೆ ಪುಡಿ ಪುಡಿಯಾಗಿ ಉದುರೋ ಗರಿಗಳೇ ಬೇರೆ ಇವೆ, ಮೀನಿನ ಲೋಳೆ ಅಂಟಿದ್ರೆ ಆ ಪುಡಿ ಹಚ್ಚಿ, ಕಾಲಿನ ನಡುಬೆರಳಿನ ಉಗುರಲ್ಲಿ ಹಲ್ಲು ಹಲ್ಲು ಇರುತ್ತಲ್ಲ ಅದರಲ್ಲಿ ಬಾಚ್ಕೊಳ್ಳುತ್ತೆ. ಕೊಳದ ಬಕ ತಲೆ ಕೆರ್ಕೊಳ್ಳುವಾಗ ಜೂಮ್ ಮಾಡಿ ನೋಡು.

ತಲೆ ಅಂದ್ನಲ್ಲ, ತನ್ನ ತಲೆಗೆ ತನ್ನ ಕೊಕ್ಕು ಎಟುಕಲ್ಲ. ಹೆಜ್ಜಾರ್ಲೆ (ಪೆಲಿಕನ್) ಇದಕ್ಕೆ ತಲೆಯನ್ನೇ ಎಣ್ಣೆ ಗ್ರಂಥಿಗೆ ಉಜ್ಜಿ ಬೆನ್ನ ಮೇಲೆಲ್ಲಾ ಹೊರಳಾಡಿಸುತ್ತೆ, ಅಷ್ಟು ದೊಡ್ಡ ಹಕ್ಕಿ ಹಾಗೆ ಮಾಡೋದು ನೋಡಿದ್ರೆ ನಗು ಬರುತ್ತೆ. ಹರಟೆಮಲ್ಲಗಳು ಸಾಲಾಗಿ ಒತ್ಕೊಂಡು ಕೂತು ಒಬ್ರ ತಲೆ ಗರಿ ಒಬ್ರು ತಿದ್ತವೆ. ಹಾಲಕ್ಕಿ, ಅದೇ ಸಣ್ಣ ಗೂಬೆ, ಅದರ ಜೋಡಿನೂ ಅಷ್ಟೆ, ಆದ್ರೆ ಅದಕ್ಕೆ ಫ್ಲ್ಯಾಶ್ ಹೊಡೀಬೇಡ ಪ್ಲೀಸ್.

ಒಂದು ವಿಷಯದಲ್ಲಿ ಮಾತ್ರ ನಾನು ಹಠ ಮಾಡ್ತೀನಿ. ಭಯ ಇರೋ ಹಕ್ಕಿ ಆರಾಮಾಗಿ ಗರಿ ತಿದ್ದಲ್ಲ, ತಲೆ ರೆಕ್ಕೆ ಒಳಗೆ ಇಟ್ರೆ ಸುತ್ತ ಏನಾಗ್ತಿದೆ ಅಂತ ಸರಿಯಾಗಿ ಕಾಣಲ್ಲ ನೋಡು. ನೀನು ಹತ್ರ ಹೋಗ್ತಾ ಹೋಗ್ತಾ ಅದು ತಿದ್ದೋದು ನಿಲ್ಲಿಸಿ ಕತ್ತು ನೀಳ ಮಾಡಿ ಗರಿ ಮೈಗೆ ಅಂಟಿಸ್ಕೊಂಡು ನಿನ್ನನ್ನೇ ನೋಡ್ತು ಅಂದ್ರೆ ಅಲ್ಲೇ ನಿಲ್ಲು, ಇನ್ನೂ ಒಳ್ಳೇದು ಎರಡು ಹೆಜ್ಜೆ ಹಿಂದಕ್ಕೆ ಬಾ, ಕೂತ್ಕೋ. ಮತ್ತೆ ಕೊಕ್ಕು ರೆಕ್ಕೆಗೆ ಹೋದ್ರೆ ನೀನು ಅಲ್ಲಿರಬಹುದು. ಕೆರೆ ಏರಿ ಮೇಲೆ ಚಪ್ಪಾಳೆ ತಟ್ಟಿ ಹಾರಿಸಿ ಫೋಟೋ ಹೊಡೆಯೋರನ್ನ ನೋಡಿದೀನಿ, ಒದ್ದೆ ರೆಕ್ಕೆಯ ಹಾವಕ್ಕಿ ಒದ್ದಾಡ್ಕೊಂಡು ನೀರಿಗೆ ಬೀಳುತ್ತೆ, ಇವರಿಗೆ ಸಿಗೋದು ಅದರ ಬೆನ್ನು. ಗೂಡಿನ ಹತ್ರ ಅಂತೂ ಹೋಗಲೇಬೇಡ.

ರಂಗನತಿಟ್ಟಿಗೆ ಆಮೇಲೆ ಹೋಗೋಣ. ಅದು 1940ರಿಂದ ಪಕ್ಷಿಧಾಮ, ಅಲ್ಲಿನ ಹಕ್ಕಿಗಳಿಗೆ ದೋಣಿ ಹೊಸದೇನಲ್ಲ, ಹತ್ರ ಹೋದ್ರೂ ತಮ್ಮ ಪಾಡಿಗೆ ಗರಿ ತಿದ್ಕೊಂಡಿರ್ತವೆ, ಆದ್ರೆ ಅಲುಗಾಡೋದು ನಾವು. ಟ್ರೈಪಾಡ್ ದಂಡ, ಕೈಯಲ್ಲೇ ಹಿಡ್ಕೊಂಡು ಶಟರ್ ಜಾಸ್ತಿ ಇಟ್ಕೋಬೇಕು. ಬಣ್ಣದ ಕೊಕ್ಕರೆ ಬಾಲದ ಕಡೆ ಗುಲಾಬಿ ಗರಿ ಕೆದರಿ ತಿದ್ದೋದನ್ನ ಅಲ್ಲಿ ಕೂತು ತೆಗೀಬೇಕು ಅಂತ ಆಸೆ ಇದೆ. ಇನ್ನೂ ಹತ್ರ ಬೇಕಂದ್ರೆ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರು, ಊರೊಳಗಿನ ಹುಣಸೆ ಮರದ ಮೇಲೇ ಕೊಕ್ಕರೆ, ಹೆಜ್ಜಾರ್ಲೆ ಎರಡೂ ಬರ್ತವೆ, ಆದ್ರೆ ತಲೆ ಮೇಲೆ ಟೋಪಿ ಇರಲಿ, ಯಾಕೆ ಅಂತ ಮರದ ಕೆಳಗೆ ನಿಂತ್ರೆ ಗೊತ್ತಾಗುತ್ತೆ.

ಭಾನುವಾರ ಕುಕ್ಕರಹಳ್ಳಿಗೆ ಬಾ, ಗೇಟ್ ಹತ್ರ ಸಿಗ್ತೀನಿ. ಆ ಕೆಂಪು ಜಾಕೆಟ್ ಹಾಕ್ಕೊಂಡು ಬರಬೇಡ, ಫೋನ್ ಸೈಲೆಂಟಲ್ಲಿಡು. ತಿಂಡಿ ಆಮೇಲೆ, ದುಡ್ಡು ನಿಂದೇ.

ಇಂತಿ ನಿನ್ನ
ಗೆಳೆಯ