ಅಂಗಿಯ ಬಣ್ಣಕ್ಕೆ ಒಪ್ಪಿಗೆ ಬೇಕು, ಊರಿನ ಗಡಿಗೆ ಬೇಡವೇ?

ಸಂಪಾದಕರಿಗೆ ನಮಸ್ಕಾರ.

ಬೆಂಗಳೂರನ್ನು ಐದು ಪಾಲಿಕೆ ಮಾಡಿದ ಬಗ್ಗೆ ನಿಮ್ಮ ಪತ್ರಿಕೆಗೆ ಬರುತ್ತಿರುವ ಪತ್ರಗಳನ್ನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೂತು ಓದುತ್ತಿದ್ದೇನೆ. ನಾನು ಕೆಂಗೇರಿಯವನು, ಈಗ ಇಲ್ಲಿ ಮನೆ ಮಾಡಿಕೊಂಡಿದ್ದೇನೆ. ಇಲ್ಲಿಯೂ ಕೌನ್ಸಿಲ್‌ಗಳನ್ನು, ಅಂದರೆ ನಮ್ಮ ಪಾಲಿಕೆಯಂಥ ಸ್ಥಳೀಯ ಆಡಳಿತಗಳನ್ನು, ಕೂಡಿಸುವ, ಗಡಿ ಬದಲಿಸುವ ಮಾತು ಜೋರಾಗಿದೆ. ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಜೊತೆಗೆ ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ವಿಷಯವನ್ನೂ ಹೇಳುತ್ತೇನೆ. ನನ್ನ ಮಟ್ಟಿಗೆ ಎರಡೂ ಒಂದೇ ಪ್ರಶ್ನೆ.

ನಮ್ಮ ಮನೆ ಟೈಲ್‌ಹರ್ಸ್ಟ್‌ನಲ್ಲಿದೆ. ಈ ಬಡಾವಣೆಯ ಒಂದು ಭಾಗ ರೆಡಿಂಗ್ ಕೌನ್ಸಿಲ್‌ಗೆ, ಇನ್ನೊಂದು ಭಾಗ ವೆಸ್ಟ್ ಬರ್ಕ್‌ಷೈರ್ ಕೌನ್ಸಿಲ್‌ಗೆ ಸೇರಿದೆ. ನಮ್ಮದು ಎರಡನೆಯದು. ಹತ್ತಿರದ ಬೀದಿಯವರು ಕಸದ ಡಬ್ಬ ಹೊರಗಿಡುವ ದಿನವೇ ಬೇರೆ, ನಾವು ಇಡುವ ದಿನವೇ ಬೇರೆ. ಆಸ್ಪತ್ರೆ, ರೈಲು ನಿಲ್ದಾಣ, ಸಂತೆ ಎಲ್ಲಕ್ಕೂ ನಾವು ಹೋಗುವುದು ರೆಡಿಂಗ್‌ಗೆ. ಹತ್ತುವ ಬಸ್ಸೂ ರೆಡಿಂಗ್ ಕೌನ್ಸಿಲ್‌ದೇ. ಆದರೆ ತೆರಿಗೆ ಹೋಗುವುದು ವೆಸ್ಟ್ ಬರ್ಕ್‌ಷೈರ್ ಕೌನ್ಸಿಲ್‌ನ ಕಚೇರಿ ಇರುವ ದೂರದ ನ್ಯೂಬರಿಗೆ.

2024ರ ಡಿಸೆಂಬರ್‌ನಲ್ಲಿ ಇಲ್ಲಿನ ಸರ್ಕಾರ ಒಂದು ಶ್ವೇತಪತ್ರ ತಂತು. ಸಣ್ಣ ಕೌನ್ಸಿಲ್‌ಗಳು ಬೇಡ, ಒಂದೊಂದಕ್ಕೂ ಸುಮಾರು 5 ಲಕ್ಷ ಜನ ಇರಲಿ ಎನ್ನುವುದು ಅದರ ಮಾತು. 2021ರ ಜನಗಣತಿಯಲ್ಲಿ ರೆಡಿಂಗ್‌ನ ಜನಸಂಖ್ಯೆ 1.74 ಲಕ್ಷ. ನಮ್ಮ ವೆಸ್ಟ್ ಬರ್ಕ್‌ಷೈರ್ ಅದಕ್ಕಿಂತಲೂ ಸಣ್ಣದು. ಆಗ ಶುರುವಾಯಿತು ನೋಡಿ ಲೆಕ್ಕಾಚಾರ. ವೆಸ್ಟ್ ಬರ್ಕ್‌ಷೈರನ್ನು ಆಕ್ಸ್‌ಫರ್ಡ್‌ಷೈರಿನ ಎರಡು ಕೌನ್ಸಿಲ್‌ಗಳ ಜೊತೆ ಕೂಡಿಸಿ 'ರಿಜ್‌ವೇ' ಎಂಬ ಹೊಸ ಕೌನ್ಸಿಲ್ ಮಾಡೋಣ ಎಂದು ಒಂದು ಪ್ರಸ್ತಾವ. ಟೈಲ್‌ಹರ್ಸ್ಟ್, ಕ್ಯಾಲ್ಕಟ್, ಪರ್ಲಿ ಕಡೆಯ ಜನ ನಮಗೆ ಸೇರಲಿ ಎಂದು ರೆಡಿಂಗ್‌ನವರ ಇನ್ನೊಂದು ಪ್ರಸ್ತಾವ. ನಮ್ಮ ಬೀದಿಯನ್ನು ಒಬ್ಬರು ಉತ್ತರಕ್ಕೆ ಎಳೆದರೆ, ಇನ್ನೊಬ್ಬರು ಪೂರ್ವಕ್ಕೆ ಎಳೆಯುತ್ತಿದ್ದಾರೆ.

ಈ ಊರಿನ ಹಳಬರಿಗೆ ಇದು ಹೊಸ ಕಥೆಯಲ್ಲ. 1983ರಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಕ್ಲಬ್ಬಿನ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ ತನ್ನ ಕ್ಲಬ್ಬನ್ನೂ ರೆಡಿಂಗ್ ಕ್ಲಬ್ಬನ್ನೂ ಕೂಡಿಸಿ 'ಥೇಮ್ಸ್ ವ್ಯಾಲಿ ರಾಯಲ್ಸ್' ಮಾಡುತ್ತೇನೆ ಎಂದು ಹೊರಟಿದ್ದರು. ನಡುವೆ ಸಿಗುವ ಡಿಡ್‌ಕಾಟ್ ಕಡೆ ಹೊಸ ಮೈದಾನ ಕಟ್ಟುವ ಮಾತಿತ್ತು. ಇವತ್ತಿನ ರಿಜ್‌ವೇ ನಕ್ಷೆಯಲ್ಲೂ ಅದೇ ಡಿಡ್‌ಕಾಟ್ ಇದೆ! ಆಗ ಎರಡೂ ಊರಿನ ಅಭಿಮಾನಿಗಳು ತಿರುಗಿಬಿದ್ದರು. ಆಕ್ಸ್‌ಫರ್ಡಿನವರು ಮೈದಾನದ ನಡುವೆಯೇ ಹೋಗಿ ಕೂತರು. ರೆಡಿಂಗ್‌ನಲ್ಲಿ ಹಳೆಯ ಆಟಗಾರ ರೋಜರ್ ಸ್ಮೀ ಮುಂದೆ ಬಂದು ಕ್ಲಬ್ ವಹಿಸಿಕೊಂಡರು. ವಿಲೀನ ನಿಂತಿತು. ಎರಡು ವರ್ಷ ಕಳೆದ ಮೇಲೆ ರೆಡಿಂಗ್ ತಂಡ ಲೀಗಿನ ಮೊದಲ 13 ಪಂದ್ಯಗಳನ್ನೂ ಗೆದ್ದಿತು. 1986ರಲ್ಲಿ ಆಕ್ಸ್‌ಫರ್ಡ್ ಲೀಗ್ ಕಪ್ ಎತ್ತಿತು. ಬೇರೆ ಬೇರೆಯಾಗಿದ್ದೇ ಎರಡೂ ಬೆಳೆದವು.

ಆದರೆ ಒಬ್ಬ ಒಡೆಯನಿಂದ ಉಳಿದ ಕ್ಲಬ್ಬು ಇನ್ನೊಬ್ಬ ಒಡೆಯನ ಕೈಯಲ್ಲಿ ಸೊರಗಿತು. 2017ರಲ್ಲಿ ಚೀನಾದ ಉದ್ಯಮಿ ದೈ ಯೋಂಗ್‌ಗೆ ರೆಡಿಂಗ್ ಕ್ಲಬ್ಬನ್ನು ಕೊಂಡರು. ಖರ್ಚು ಮಿತಿಮೀರಿತು. ಆಮೇಲೆ ಸಂಬಳ ತಡ, ತೆರಿಗೆ ತಡ. ಶಿಕ್ಷೆಯಾಗಿ ಮೂರು ಋತುಗಳಲ್ಲಿ ಲೀಗಿನ ಒಟ್ಟು 18 ಅಂಕ ಕಡಿತವಾಯಿತು. 2006ರಲ್ಲಿ 106 ಅಂಕಗಳ ದಾಖಲೆ ಮಾಡಿ ಪ್ರೀಮಿಯರ್ ಲೀಗಿಗೆ ಏರಿದ್ದ ಕ್ಲಬ್ಬು 2023ರಲ್ಲಿ ಮೂರನೇ ಹಂತಕ್ಕೆ ಇಳಿಯಿತು.

2024ರ ಜನವರಿ 13ರಂದು ಪೋರ್ಟ್ ವೇಲ್ ವಿರುದ್ಧದ ಪಂದ್ಯಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. 16ನೇ ನಿಮಿಷಕ್ಕೆ ಜನ ಮೈದಾನಕ್ಕೆ ನುಗ್ಗಿದರು. ಅಲ್ಲಿಯವರೆಗೆ ಕಳೆದುಕೊಂಡಿದ್ದ ಅಂಕ ಹದಿನಾರು, ಅದಕ್ಕೇ ಆ ನಿಮಿಷ. ಪಂದ್ಯ ಮತ್ತೆ ಶುರುವಾಗಲೇ ಇಲ್ಲ. ನಮ್ಮ ಪಕ್ಕದ ಸೀಟಿನಲ್ಲಿ ವಯಸ್ಸಾದವರೊಬ್ಬರಿದ್ದರು. ಅವರು ಎದ್ದು ಓಡಲಿಲ್ಲ, ಕೂಗಲಿಲ್ಲ. ನೀಲಿ ಬಿಳಿ ಪಟ್ಟೆಯ ಸ್ಕಾರ್ಫನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಕೈ ಇಟ್ಟು ಕೂತೇ ಇದ್ದರು. ಅದೇ ವರ್ಷ ಮಹಿಳಾ ತಂಡವನ್ನು ಎರಡನೇ ಹಂತದಿಂದ ಹಿಂದಕ್ಕೆ ತೆಗೆದುಕೊಂಡರು. ಅದು ಐದನೇ ಹಂತದಲ್ಲಿ ಆಡಬೇಕಾಯಿತು. ಮಗಳಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

2025ರ ಮೇ ತಿಂಗಳಲ್ಲಿ ಅಮೆರಿಕದ ರಾಬ್ ಕೂಹಿಗ್ ಕ್ಲಬ್ಬನ್ನು ಕೊಂಡರು. ಊರು ಉಸಿರು ಬಿಟ್ಟಿತು. ಅದೇ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಯೂ ಬಂತು. ಮೇಲಿನ ಐದು ಹಂತಗಳ ಕ್ಲಬ್ಬುಗಳಿಗೆ ಈಗ ಸ್ವತಂತ್ರ ನಿಯಂತ್ರಕರಿದ್ದಾರೆ. ಸ್ವಂತ ಮೈದಾನ ಮಾರಬೇಕಾದರೆ ಅವರ ಒಪ್ಪಿಗೆ ಬೇಕು. ಕ್ಲಬ್ಬಿನ ಲಾಂಛನವನ್ನೋ ಅಂಗಿಯ ಮುಖ್ಯ ಬಣ್ಣವನ್ನೋ ಬದಲಿಸಬೇಕಾದರೆ, ಅರ್ಧಕ್ಕಿಂತ ಜಾಸ್ತಿ ಅಭಿಮಾನಿಗಳು ಇದಕ್ಕೆ ಒಪ್ಪಿದ್ದಾರೆ ಎಂದು ಕ್ಲಬ್ಬು ಖಾತ್ರಿ ಮಾಡಿಕೊಳ್ಳಬೇಕು. ಒಳ್ಳೆಯ ಕಾಯ್ದೆ. ಮನಸಾರೆ ಮೆಚ್ಚುತ್ತೇನೆ.

ಅದೇ ದೇಶದಲ್ಲಿ, ನನ್ನ ಕೌನ್ಸಿಲ್ಲನ್ನೇ ಅಳಿಸಿ ಹೊಸದು ಮಾಡಲು ಜನರ ಮತ ಕೇಳಬೇಕೆಂಬ ನಿಯಮವಿಲ್ಲ. ಅಭಿಪ್ರಾಯ ಕಳಿಸಿ ಎನ್ನುತ್ತಾರೆ, ಕಳಿಸಬಹುದು. ಕೊನೆಗೆ ತೀರ್ಮಾನ ಮಾಡುವವರು ಲಂಡನ್ನಿನ ಮಂತ್ರಿ. ಅದಕ್ಕೆ ಸಂಸತ್ತಿನ ಮುದ್ರೆ ಬಿದ್ದರೆ ಮುಗಿಯಿತು. ಅಂಗಿಯ ಬಣ್ಣಕ್ಕೆ ಇರುವ ಬೆಲೆ ನಾವು ಬದುಕುವ ಊರಿಗೆ ಬೇಡವಾ?

ದೊಡ್ಡದಾದರೆ ಹಣ ಉಳಿಯುತ್ತದೆ ಎನ್ನುತ್ತಾರೆ. ಬರ್ಮಿಂಗ್‌ಹ್ಯಾಮ್‌ಗಿಂತ ದೊಡ್ಡ ಉದಾಹರಣೆ ಬೇಕೇ? ಹನ್ನೊಂದು ಲಕ್ಷಕ್ಕೂ ಜಾಸ್ತಿ ಜನರಿರುವ ಆ ಕೌನ್ಸಿಲ್ 2023ರ ಸೆಪ್ಟೆಂಬರ್‌ನಲ್ಲಿ ಖರ್ಚಿಗೆ ಹಣವಿಲ್ಲ ಎಂದು ಕೈಯೆತ್ತಿತು. ಸಾಮರ್ಸೆಟ್‌ನಲ್ಲಿ ಐದು ಕೌನ್ಸಿಲ್‌ಗಳನ್ನು ಕೂಡಿಸಿ 2023ರ ಏಪ್ರಿಲ್‌ನಲ್ಲಿ ಒಂದೇ ಮಾಡಿದರು. ಅದೇ ನವೆಂಬರ್‌ಗೆ ಹಣಕಾಸಿನ ತುರ್ತುಸ್ಥಿತಿ ಘೋಷಿಸಬೇಕಾಯಿತು. ಸಣ್ಣ ಸ್ಲೌ ಕೂಡ 2021ರಲ್ಲಿ ಹಾಗೇ ಕೈಯೆತ್ತಿತ್ತು ನಿಜ. ಹಾಗಾಗಿ ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ, ಹೊಣೆ ಹೊತ್ತವರನ್ನು ಹಿಡಿದು ಕೇಳಲು ಆಗುತ್ತದೋ ಇಲ್ಲವೋ ಎನ್ನುವುದೇ ನನಗೆ ಮುಖ್ಯ.

ಕೆಂಗೇರಿಯವನಾಗಿ ಈ ಮಾತನ್ನು ಕಂಡು ಹೇಳುತ್ತಿದ್ದೇನೆ. 2007ರಲ್ಲಿ ಏಳು ನಗರಸಭೆ, 110 ಹಳ್ಳಿಗಳ ಜೊತೆ ನಮ್ಮ ಕೆಂಗೇರಿ ಪುರಸಭೆಯನ್ನೂ ಬೆಂಗಳೂರಿಗೆ ಸೇರಿಸಿ ಬಿಬಿಎಂಪಿ ಮಾಡಿದರು. ನಮ್ಮ ಬೀದಿಯಲ್ಲಿ ಯಾರನ್ನೂ ಕೇಳಿರಲಿಲ್ಲ. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ, ಹದಿನೇಳು ವರ್ಷ ಆದ ಮೇಲೆ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಕಳೆದವು. 2025ರ ಸೆಪ್ಟೆಂಬರ್‌ನಲ್ಲಿ ಆ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿದರು. ಕೂಡಿಸುವಾಗಲೂ ಜನರ ಮತ ಕೇಳಲಿಲ್ಲ, ಒಡೆಯುವಾಗಲೂ ಕೇಳಲಿಲ್ಲ. ಅಪ್ಪ ಫೋನಿನಲ್ಲಿ, "ಚರಂಡಿ ಕಟ್ಟಿಕೊಂಡರೆ ಈಗ ಯಾವ ಆಫೀಸಿಗೆ ಹೋಗಬೇಕೋ?" ಎಂದು ನನ್ನನ್ನು ಕೇಳಿದರು.

ಇಲ್ಲಿನ ಸಂಸದರಿಗೂ ಇದನ್ನೇ ಬರೆದಿದ್ದೇನೆ. ಗಡಿ ಬದಲಾಗುವ ಬೀದಿಗಳ ಪ್ರತಿ ಮನೆಗೂ ಒಂದು ಮತಪತ್ರ ಕಳಿಸಲಿ. ನನ್ನ ಮತ ರೆಡಿಂಗ್‌ಗೆ. ಎದುರು ಮನೆಯ ಹಿರಿಯರು ನ್ಯೂಬರಿ ಬಿಡುವುದಿಲ್ಲ ಎನ್ನುತ್ತಾರೆ. ಎಣಿಸಿದಾಗ ಅವರೇ ಗೆದ್ದರೆ ನಾನು ಒಪ್ಪಿಕೊಂಡು ನ್ಯೂಬರಿಗೇ ತೆರಿಗೆ ಕಟ್ಟುತ್ತೇನೆ.

ಇಂತಿ,
ಕೆಂಗೇರಿ ಮೂಲದ ಓದುಗ
ಟೈಲ್‌ಹರ್ಸ್ಟ್, ರೆಡಿಂಗ್, ಇಂಗ್ಲೆಂಡ್